ಖಾಲಿ ಸೀಸೆಯ ಬೆಲೆ

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಹೆಸರನ್ನು ನೀವು ಇತಿಹಾಸದ ಪಾಠದಲ್ಲಿ ಕೇಳಿರಬಹುದು. ನೊಳಂಬರು, ಗಂಗರು, ಉಚ್ಚಂಗಿಯ ಪಾಂಡ್ಯರು, ಹೊಯ್ಸಳರು ಈ ಗಿರಿದುರ್ಗಕ್ಕಾಗಿ ಸೆಣಸಿದರು. ಇದನ್ನು ಗೆದ್ದ ಬಳಿಕವೇ ಹೊಯ್ಸಳ ಎರಡನೆಯ ಬಲ್ಲಾಳನು ‘ಗಿರಿದುರ್ಗಮಲ್ಲ’ನೆಂಬ ಬಿರುದನ್ನು ಧರಿಸಿದನೆಂದು ಹೇಳುವುದುಂಟು. ಅರಸರ ಕಾಲ ಮುಗಿದು ಎಷ್ಟೋ ಶತಮಾನಗಳು ಸಂದವು. ಈಗ ಬೆಟ್ಟವನ್ನು ಏರುವವರು ಉಚ್ಚಂಗೆಮ್ಮನ ಭಕ್ತರು. ಭರತ ಹುಣ್ಣಿಮೆ ಬಂದಿತೆಂದರೆ ಸುತ್ತಲ ಜಿಲ್ಲೆಗಳಿಂದ ಜನ ಸಾಗರದಂತೆ ಬಂದು ಸೇರುತ್ತಾರೆ. ಬೆಟ್ಟದ ಬುಡದಲ್ಲಿ ಗಾಡಿ ಬಿಟ್ಟು, ಮೂರು ಕಲ್ಲಿನ ಒಲೆ ಹೂಡಿ, ಅಡುಗೆ ಮಾಡಿ, ದೇವಿಗೆ ಎಡೆ ಒಪ್ಪಿಸಿ ಊಟ ಮಾಡುತ್ತಾರೆ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಜಾತ್ರೆಯ ವೈಭವವನ್ನಲ್ಲ. ಜಾತ್ರೆ ಮುಗಿದ ಮೇಲಿನ ಒಂದು ಬೆಳಗನ್ನು.

ಕೆಲವು ವರ್ಷಗಳ ಹಿಂದೆ, ಜಾತ್ರೆಯ ಗದ್ದಲವೆಲ್ಲ ಅಡಗಿದ ಮೇಲೆ, ಕೋಟೆಯನ್ನು ನಿಧಾನವಾಗಿ ನೋಡಬೇಕೆಂದು ನಾನು ಅಲ್ಲಿಗೆ ಹೋದೆ. ಗಾಡಿಗಳು ಹೋಗಿದ್ದವು. ಒಲೆಯ ಕಲ್ಲುಗಳು, ಬೂದಿ, ತೆಂಗಿನ ಚಿಪ್ಪು, ಕಬ್ಬಿನ ಸಿಪ್ಪೆಗಳು ಮಾತ್ರ ಉಳಿದಿದ್ದವು. ಇವುಗಳಿಂದ ಯಾರಿಗೂ ಬಾಧೆಯಿಲ್ಲ. ಒಂದು ಮಳೆಗಾಲ ಕಳೆದರೆ ಮಣ್ಣು ಇವನ್ನು ತನ್ನದಾಗಿಸಿಕೊಳ್ಳುತ್ತದೆ. ಆದರೆ ಇವುಗಳ ನಡುವೆ ಬಿಸಿಲಿಗೆ ಥಳಥಳಿಸುತ್ತಿದ್ದ ಬೇರೆಯ ವಸ್ತುಗಳಿದ್ದವು. ನೀರಿನ ಪ್ಲಾಸ್ಟಿಕ್ ಬಾಟಲಿಗಳು, ತಂಪು ಪಾನೀಯದ ಡಬ್ಬಿಗಳು, ಗಾಜಿನ ಸೀಸೆಗಳು. ಕೆಲವು ಇಡಿಯಾಗಿದ್ದವು, ಕೆಲವು ಚೂರಾಗಿದ್ದವು.

ಅವುಗಳ ನಡುವೆ ಒಬ್ಬ ಮುದುಕಿಯೂ ಹತ್ತು ಹನ್ನೊಂದರ ಒಬ್ಬ ಹುಡುಗನೂ ಬಾಗಿ ಬಾಗಿ ಆಯುತ್ತಿದ್ದರು. ಇಬ್ಬರ ಬೆನ್ನಿನ ಮೇಲೂ ಗೊಬ್ಬರದ ಚೀಲಗಳನ್ನು ಬಿಚ್ಚಿ ಹೊಲಿದ ದೊಡ್ಡ ಚೀಲಗಳಿದ್ದವು. ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ. ಹುಡುಗನ ಕೈಚಳಕ ಮೆಚ್ಚುವಂತಹದು. ಬಾಟಲಿಯನ್ನು ಎತ್ತುವನು, ಉಳಿದ ನೀರನ್ನು ಚೆಲ್ಲುವನು, ಹಿಮ್ಮಡಿಯಿಂದ ತುಳಿದು ಚಪ್ಪಟೆ ಮಾಡುವನು, ಗಾಳಿ ಮತ್ತೆ ಒಳಗೆ ಹೋಗದಂತೆ ಬಿರಡೆಯನ್ನು ತಿರುವುವನು, ಚೀಲಕ್ಕೆ ಎಸೆಯುವನು. ಇಷ್ಟೆಲ್ಲ ಎರಡು ಉಸಿರಿನಲ್ಲಿ ಮುಗಿಯುತ್ತಿತ್ತು. ಡಬ್ಬಿಗಳನ್ನೂ ಬಿಡುತ್ತಿರಲಿಲ್ಲ. ಗಾಜಿನ ಸೀಸೆಗಳನ್ನು ಮಾತ್ರ ಇಬ್ಬರೂ ಕಣ್ಣೆತ್ತಿಯೂ ನೋಡದೆ ದಾಟಿ ಹೋಗುತ್ತಿದ್ದರು.

“ಅವ್ವಾ, ಗಾಜಿನವನ್ನು ಏಕೆ ಬಿಡುತ್ತೀರಿ?” ಎಂದು ಕೇಳಿದೆ.

ಮುದುಕಿ ಸೊಂಟ ನೆಟ್ಟಗೆ ಮಾಡಿಕೊಂಡು ನನ್ನನ್ನು ನೋಡಿದಳು. “ಅವನ್ನ ಹೊತ್ತು ಏನು ಮಾಡಾನ ತಮ್ಮಾ? ಹೊರಾಕ ಭಾರ, ಮಾರಿದ್ರ ಕಾಸು ಬರಂಗಿಲ್ಲ. ಹಾದ್ಯಾಗ ಒಡದ್ರ ಕೈ ಕೊಯ್ಕೊಂಡಿದ್ದಷ್ಟ ಲಾಭ” ಎಂದಳು.

ಅರ್ಥಶಾಸ್ತ್ರದ ಒಂದು ಅಧ್ಯಾಯವನ್ನೇ ಆಕೆ ಮೂರು ಮಾತಿನಲ್ಲಿ ಹೇಳಿದ್ದಳು. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಪೇಟೆಯ ಗುಜರಿ ಅಂಗಡಿಯಲ್ಲಿ ಖಾಲಿ ಸೀಸೆಗೂ ಡಬ್ಬಿಗೂ ಬೆಲೆ ಕಟ್ಟುವುದು ಅದರ ಅಂದಚಂದವನ್ನು ನೋಡಿ ಅಲ್ಲ, ಅದು ಯಾವ ವಸ್ತುವಿನಿಂದ ಆಗಿದೆ ಎಂಬುದನ್ನು ನೋಡಿ. ತಂಪು ಪಾನೀಯದ ಡಬ್ಬಿ ಅಲ್ಯುಮಿನಿಯಮ್ಮಿನದು. ಈ ಲೋಹದ ಅದಿರಾದ ಬಾಕ್ಸೈಟ್ ನಮ್ಮ ಬೆಳಗಾವಿಯ ಕಡೆಯೂ ದೊರೆಯುತ್ತದೆ. ಅದರಿಂದ ಅಲ್ಯುಮಿನಾ ಎಂಬ ಬಿಳಿಯ ಪುಡಿಯನ್ನು ತೆಗೆಯುವ ಕಾರ್ಖಾನೆ ಬೆಳಗಾವಿಯಲ್ಲಿದೆ. ಆ ಪುಡಿಯಿಂದ ಒಂದು ಕಿಲೋಗ್ರಾಂ ಲೋಹವನ್ನು ಬೇರ್ಪಡಿಸಲು ಸುಮಾರು 14 ಯೂನಿಟ್ ವಿದ್ಯುತ್ತು ಬೇಕು. ಒಂದು ಸಣ್ಣ ಮನೆ ಹಲವು ದಿನ ಬಳಸುವಷ್ಟು ವಿದ್ಯುತ್ತು ಅದು. ಆದರೆ ಒಮ್ಮೆ ಲೋಹವಾದುದನ್ನು ಮತ್ತೆ ಕರಗಿಸುವುದು ಸುಲಭ. ಅದು 660 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಹಳೆಯ ಡಬ್ಬಿಯಿಂದ ಹೊಸ ಲೋಹವನ್ನು ಪಡೆದರೆ, ಅದಿರಿನಿಂದ ಪಡೆಯುವುದಕ್ಕಿಂತ ನೂರಕ್ಕೆ 95 ಪಾಲು ಶಕ್ತಿ ಉಳಿಯುತ್ತದೆ. ಹೀಗೆ ಉಳಿಯುವ ಶಕ್ತಿಯ ಹಣದಲ್ಲಿ ಒಂದು ಪಾಲು ಆಯುವವರ ಕೈಗೂ ಬರುತ್ತದೆ. ಆದುದರಿಂದಲೇ ಹುಡುಗ ಡಬ್ಬಿಯನ್ನು ಕಂಡಲ್ಲಿ ಓಡುತ್ತಿದ್ದುದು. ಎಲ್ಲ ಡಬ್ಬಿಗಳೂ ಅಲ್ಯುಮಿನಿಯಮ್ಮಿನವಲ್ಲ. ಕೆಲವು ಉಕ್ಕಿನ ತಗಡಿನವು. ಎರಡನ್ನೂ ಬೇರೆ ಮಾಡಲು ಗುಜರಿಯವನು ಒಂದು ಅಯಸ್ಕಾಂತದ ತುಂಡನ್ನು ಇಟ್ಟುಕೊಂಡಿರುತ್ತಾನೆ. ಅಂಟಿದ್ದು ಉಕ್ಕು, ಅಂಟದಿದ್ದುದು ಅಲ್ಯುಮಿನಿಯಂ. ಉಕ್ಕಿಗೆ ಬೆಲೆ ಕಡಿಮೆ. ಸಂಡೂರಿನ ಗುಡ್ಡಗಳನ್ನು ಅಗೆದು ಅದಿರು ಸಾಗಿಸುವ ಲಾರಿಗಳ ಸಾಲನ್ನು ಕಂಡ ನಮ್ಮ ಜಿಲ್ಲೆಯವರಿಗೆ, ಒಂದೊಂದು ತಗಡಿನ ಡಬ್ಬಿಯೂ ಅಂಥದೇ ಒಂದು ಗುಡ್ಡದ ಚೂರೆಂದು ಬೇರೆ ಹೇಳಬೇಕಾದುದಿಲ್ಲ.

ನೀರಿನ ಬಾಟಲಿಯದು ಪೆಟ್ ಎಂಬ ಪ್ಲಾಸ್ಟಿಕ್. ಅದರ ಅಡಿಯಲ್ಲಿ ಬಾಣಗಳ ಒಂದು ಸಣ್ಣ ತ್ರಿಕೋನವಿದ್ದು, ನಡುವೆ 1 ಎಂಬ ಅಂಕಿ ಇರುತ್ತದೆ. ನಿಮ್ಮ ಮನೆಯಲ್ಲಿರುವ ಬಾಟಲಿಯನ್ನು ತಿರುಗಿಸಿ ನೋಡಿರಿ. ನಾನು ಕಂಡ ಹುಡುಗನಿಗೆ ಈ ಗುರುತಿನ ವಿಷಯ ತಿಳಿದಿರಲಿಲ್ಲ, ಆದರೆ ಬೆರಳಿನಿಂದ ಹಿಸುಕಿ ಬರುವ ಸದ್ದಿನಲ್ಲೇ ಇದು ಆ ಜಾತಿಯದು, ಇದು ಅಲ್ಲ ಎಂದು ಹೇಳಬಲ್ಲವನಾಗಿದ್ದ. ಇಂತಹ ಬಾಟಲಿಗಳನ್ನು ತೊಳೆದು, ಚೂರು ಮಾಡಿ, ಕರಗಿಸಿ, ಎಳೆ ತೆಗೆದು ಪಾಲಿಯೆಸ್ಟರ್ ನೂಲನ್ನು ಮಾಡುತ್ತಾರೆ. ನೀವು ಧರಿಸುವ ಅಂಗಿಯ ನೂಲಿನಲ್ಲಿ ಯಾರೋ ಎಲ್ಲಿಯೋ ನೀರು ಕುಡಿದು ಬಿಸುಟ ಬಾಟಲಿ ಸೇರಿರಬಹುದು!

ಇನ್ನು ಗಾಜು. ಮರಳು, ಸೋಡಾ ಬೂದಿ, ಸುಣ್ಣಕಲ್ಲುಗಳನ್ನು ಬೆರೆಸಿ ಸುಮಾರು 1500 ಡಿಗ್ರಿ ಶಾಖದ ಕುಲುಮೆಯಲ್ಲಿ ಕರಗಿಸಿದರೆ ಗಾಜಾಗುತ್ತದೆ. ಒಡೆದ ಗಾಜನ್ನು ಎಷ್ಟು ಸಲ ಕರಗಿಸಿದರೂ ಅದರ ಗುಣ ಕೆಡದು. ಕುಲುಮೆಗೆ ಹಾಕುವ ಸಾಮಗ್ರಿಯ ನೂರರಲ್ಲಿ ಹತ್ತು ಪಾಲು ಒಡೆದ ಗಾಜಾದರೆ ಇಂಧನದಲ್ಲಿ ಸುಮಾರು ಮೂರು ಪಾಲು ಉಳಿತಾಯವಾಗುತ್ತದೆ. ಹೀಗೆ ನೋಡಿದರೆ ಮೂರರಲ್ಲಿ ಗಾಜೇ ಉತ್ತಮವಾದುದು. ಆದರೆ ಅದರ ಮೂಲವಸ್ತುಗಳು ಅಗ್ಗ, ಅದರ ತೂಕ ಹೆಚ್ಚು, ಕುಲುಮೆ ದೂರ. ಲಾರಿಯ ಬಾಡಿಗೆಯಲ್ಲೇ ಅದರ ಬೆಲೆ ಕರಗಿ ಹೋಗುತ್ತದೆ. ಉತ್ತಮವಾದ ವಸ್ತುವೇ ಬೆಟ್ಟದ ಮೇಲೆ ಅನಾಥವಾಗಿ ಉಳಿಯಲು ಇದು ಕಾರಣ.

ಗುಜರಿಯ ದರಗಳು ದಿನದಿಂದ ದಿನಕ್ಕೆ, ಊರಿಂದ ಊರಿಗೆ ಬದಲಾಗುತ್ತವೆ. ಆದರೂ ಒಂದು ಲೆಕ್ಕ ಹಾಕಬಹುದು. ಒಂದು ಲೀಟರಿನ ನೀರಿನ ಬಾಟಲಿ ಇಪ್ಪತ್ತರಿಂದ ಇಪ್ಪತ್ತೈದು ಗ್ರಾಂ ತೂಗುತ್ತದೆ. ಅಂದರೆ ಕಿಲೋಗ್ರಾಮಿಗೆ ನಲವತ್ತೈವತ್ತು ಬಾಟಲಿಗಳು ಬೇಕು. ಮುದುಕಿ ಬೆಳಗಿನಿಂದ ಬಾಗಿ ಬಾಗಿ ಇನ್ನೂರು ಬಾಟಲಿ ಆಯ್ದರೆ ನಾಲ್ಕೈದು ಕಿಲೋಗ್ರಾಂ ಆಯಿತು. ಕಿಲೋಗೆ ಇಪ್ಪತ್ತು ರೂಪಾಯಿ ದೊರೆಯುವುದೆಂದು ಇಟ್ಟುಕೊಂಡರೆ, ಇನ್ನೂರು ಸಲ ನೆಲಕ್ಕೆ ಬಾಗಿ ಎದ್ದುದಕ್ಕೆ ಎಂಬತ್ತರಿಂದ ನೂರು ರೂಪಾಯಿ. ಗುಜರಿ ಅಂಗಡಿಯಿಂದ ಮಾಲು ದೊಡ್ಡ ವ್ಯಾಪಾರಿಗೆ, ಅವನಿಂದ ಕಾರ್ಖಾನೆಗೆ ಹೋಗುವಾಗ ಹಂತಹಂತಕ್ಕೂ ಬೆಲೆ ಏರುತ್ತದೆ. ಗುಜರಿಯವರೆಲ್ಲ ಮೋಸಗಾರರೆಂದು ನಾನು ಹೇಳಲಾರೆ. ಜಾಗದ ಬಾಡಿಗೆ, ಸಾಗಣೆಯ ಖರ್ಚು ಅವರಿಗೂ ಇದೆ; ಆಯುವವರಿಗೆ ಕಷ್ಟಕಾಲದಲ್ಲಿ ಮುಂಗಡ ಕೊಡುವವರೂ ಬಹುಮಟ್ಟಿಗೆ ಅವರೇ. ಆದರೆ ಇಡೀ ಸರಪಳಿಯಲ್ಲಿ ಅತ್ಯಂತ ಹೆಚ್ಚು ಮೈಮುರಿದವರಿಗೆ ಅತ್ಯಂತ ಕಡಿಮೆ ದೊರೆಯುವುದೆಂಬುದರಲ್ಲಿ ಸಂದೇಹವಿಲ್ಲ.

ಹಿಂದೆ ಹೀಗಿರಲಿಲ್ಲವೇ ಎಂದು ನೀವು ಕೇಳಬಹುದು. ಹಿಂದೆ ಎಸೆಯುವ ವಸ್ತುಗಳೇ ಕಡಿಮೆ. ಸೀಳಿದ ತಾಮ್ರದ ಕೊಡ ಕಂಚುಗಾರರ ಮನೆಗೆ ಹೋಗಿ ತಟ್ಟೆಯಾಗುತ್ತಿತ್ತು. ಮುರಿದ ಕುಡುಗೋಲು ಕಮ್ಮಾರನ ಕುಲುಮೆಗೆ ಹೋಗುತ್ತಿತ್ತು. ತುಕ್ಕು ಹಿಡಿದ ಕಬ್ಬಿಣದ ಚೂರನ್ನು ಕೊಟ್ಟು ಮಕ್ಕಳು ಬೆಂಡುಬತ್ತಾಸನ್ನೋ ಒಂದು ಹಿಡಿ ಮಂಡಕ್ಕಿಯನ್ನೋ ಪಡೆಯುತ್ತಿದ್ದರು. ಸೀಸೆಯ ವಿಷಯದಲ್ಲಂತೂ ಒಂದು ಕಟ್ಟುನಿಟ್ಟಾದ ಪದ್ಧತಿಯೇ ಇತ್ತು. ಅದಕ್ಕೆ ಗೋಲಿಸೋಡಾ ಒಳ್ಳೆಯ ಉದಾಹರಣೆ.

ಕತ್ತಿನಲ್ಲಿ ಗಾಜಿನ ಗೋಲಿಯಿರುವ ಆ ಸೀಸೆಯನ್ನು ಹೈರಮ್ ಕಾಡ್ ಎಂಬ ಇಂಗ್ಲಿಷಿನವನು ಕಂಡುಹಿಡಿದು 1872ರಲ್ಲಿ ಅದರ ಹಕ್ಕುಪತ್ರವನ್ನು ಪಡೆದನು. ಸೋಡಾ ತುಂಬಿ ಸೀಸೆಯನ್ನು ತಲೆಕೆಳಗು ಮಾಡಿದಾಗ ಒಳಗಿನ ಅನಿಲವು ಗೋಲಿಯನ್ನು ಒತ್ತಿ ಕತ್ತಿನ ರಬ್ಬರ್ ಬಳೆಗೆ ಸೇರಿಸುತ್ತದೆ; ಬೇರೆ ಬಿರಡೆ ಬೇಕಿಲ್ಲ. ಹುಟ್ಟಿದ ದೇಶದಲ್ಲಿ ಅದು ಮರೆಯಾಗಿ ಬಹಳ ಕಾಲವಾದರೂ ನಮ್ಮ ಜಾತ್ರೆಗಳಲ್ಲಿ ಇನ್ನೂ ಕಾಣಸಿಗುತ್ತದೆ. ನಾವು ಸೋಡಾವನ್ನು ಕೊಳ್ಳುತ್ತೇವೆಯೇ ಹೊರತು ಸೀಸೆಯನ್ನಲ್ಲ. ಕುಡಿದು ಅಲ್ಲಿಯೇ ಹಿಂದಿರುಗಿಸಬೇಕು. ಮನೆಗೆ ಒಯ್ಯುವುದಾದರೆ ಸೀಸೆಗೆಂದು ಬೇರೆ ಹಣ ಇಡಬೇಕು. ಸೀಸೆ ಹಿಂದಕ್ಕೆ ಬಂದರೆ ಹಣವೂ ಹಿಂದಕ್ಕೆ. ಇತರ ತಂಪು ಪಾನೀಯಗಳ ಗಾಜಿನ ಸೀಸೆಗಳೂ ಹೀಗೆಯೇ ಕಾರ್ಖಾನೆಗೂ ಅಂಗಡಿಗೂ ನಡುವೆ ಹಲವು ಸಲ ಓಡಾಡುತ್ತಿದ್ದವು. ಮುಂದೆ ಹಗುರವಾದ ಪ್ಲಾಸ್ಟಿಕ್ ಬಾಟಲಿಗಳು ಬಂದವು. ಸೀಸೆಯನ್ನು ಹಿಂದಕ್ಕೆ ತರುವ ಕೆಲಸ ಕಾರ್ಖಾನೆಗೆ ತಪ್ಪಿತು, ಕೊಂಡವನಿಗೆ ಹೊತ್ತು ತರುವ ಶ್ರಮ ತಪ್ಪಿತು. ಇಬ್ಬರಿಗೂ ತಪ್ಪಿದ ಶ್ರಮ ಎಲ್ಲಿಗೆ ಹೋಯಿತು? ಮುದುಕಿಯ ಬೆನ್ನಿನ ಮೇಲಿನ ಚೀಲಕ್ಕೆ.

ಇಲ್ಲಿ ಎರಡು ಬಗೆಯ ಬೆಲೆಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಗುಜರಿಯ ಬೆಲೆ ವಸ್ತುವಿನ ಯೋಗ್ಯತೆಯಿಂದ ಬರುವುದು. ಠೇವಣಿ ಹಾಗಲ್ಲ. ಅದು ಕೊಂಡವನದೇ ಹಣ. ಸೀಸೆಯನ್ನು ತಂದೊಪ್ಪಿಸುವವರೆಗೆ ಅಂಗಡಿಯಲ್ಲಿ ಒತ್ತೆಯಾಗಿರುವುದು. ಎರಡು ಕಾಸಿನ ಗಾಜಿಗೂ ಹತ್ತು ರೂಪಾಯಿ ಠೇವಣಿ ಇಡಿಸಬಹುದು. ಆಗ ಆ ಗಾಜು ನೆಲದ ಮೇಲೆ ಉಳಿಯುವುದಿಲ್ಲ. ನಮ್ಮ ಸೋಡಾ ಅಂಗಡಿಯವನು ಅಜ್ಜನ ಕಾಲದಿಂದ ಬಲ್ಲ ಈ ಉಪಾಯವನ್ನು ಅಮೆರಿಕದ ಆರೆಗಾನ್ ರಾಜ್ಯವು 1971ರಲ್ಲಿ ಕಾನೂನಾಗಿ ಮಾಡಿತು. ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸಿ ಎಸೆಯುವ ಬಾಟಲಿಗಳಿಗೂ ಡಬ್ಬಿಗಳಿಗೂ ಠೇವಣಿ ಕಡ್ಡಾಯವಾಯಿತು. ಅಲ್ಲಿ ಜನರು ಖಾಲಿ ಬಾಟಲಿಗಳನ್ನು ಅಂಗಡಿಯ ಯಂತ್ರದ ಬಾಯಿಗೆ ಹಾಕಿ, ಅದು ಕೊಡುವ ಚೀಟಿಯನ್ನು ತೋರಿಸಿ ಹಣ ಪಡೆಯುತ್ತಾರೆ.

ದೂರದ ಮಾತೇಕೆ? ನಮ್ಮ ಚಾಮರಾಜನಗರ ಜಿಲ್ಲೆಯ ಗಡಿಗೆ ತಾಗಿಕೊಂಡಿರುವ ನೀಲಗಿರಿ ಜಿಲ್ಲೆಯನ್ನು ನೋಡೋಣ. ಅಲ್ಲಿಯ ಕಾಡಿನಲ್ಲಿ ಪ್ರವಾಸಿಗಳು ಮದ್ಯದ ಸೀಸೆಗಳನ್ನು ಎಸೆದು ಹೋಗುತ್ತಿದ್ದರು. ಒಡೆದ ಗಾಜು ಕಾಡುಪ್ರಾಣಿಗಳ ಪಾದಗಳಿಗೆ ನೆಡುತ್ತಿತ್ತು. ಆನೆಯ ಅಂಗಾಲು ನೋಡಲು ಒರಟಾದರೂ ಅದರೊಳಗೆ ಹೊಕ್ಕ ಗಾಜಿನ ಚೂರನ್ನು ತೆಗೆಯುವವರು ಕಾಡಿನಲ್ಲಿ ಯಾರಿದ್ದಾರೆ? ಗಾಯ ಕೀವುಗಟ್ಟಿ ನಡೆಯಲಾರದ ಆನೆಗೆ ಮೇವೂ ಇಲ್ಲ, ನೀರೂ ಇಲ್ಲ. ವಿಷಯವು ಮದರಾಸು ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ನ್ಯಾಯಾಲಯದ ಸೂಚನೆಯಂತೆ 2022ರ ಮೇ ತಿಂಗಳಿನಲ್ಲಿ ಅಲ್ಲಿಯ ಸರ್ಕಾರಿ ಮದ್ಯದಂಗಡಿಗಳಲ್ಲಿ ಪ್ರತಿ ಸೀಸೆಗೂ 10 ರೂಪಾಯಿ ಹೆಚ್ಚಾಗಿ ಪಡೆದು, ಖಾಲಿ ಸೀಸೆಯನ್ನು ತಂದವರಿಗೆ ಅದನ್ನು ಹಿಂದಿರುಗಿಸುವ ಪದ್ಧತಿ ಆರಂಭವಾಯಿತು. ಸೀಸೆಗಳಲ್ಲಿ ಹೆಚ್ಚಿನ ಪಾಲು ಹಿಂದಕ್ಕೆ ಬಂದವು. ಮುಂದೆ ಆ ರಾಜ್ಯದ ಇತರ ಜಿಲ್ಲೆಗಳಿಗೂ ಇದು ಹಬ್ಬಿತು. ಕುಡಿತದ ಕೇಡಿನ ವಿಷಯ ಬೇರೆ. ಕುಡಿದವನ ಸೀಸೆಯಿಂದ ಕುಡಿಯದ ಆನೆ ಸಾಯಬಾರದೆಂಬುದಷ್ಟೇ ಇಲ್ಲಿಯ ಮಾತು.

ಅದೇ ವರ್ಷ ಹಿಮಾಲಯದ ಕೇದಾರನಾಥದಲ್ಲಿಯೂ ಪ್ಲಾಸ್ಟಿಕ್ ಬಾಟಲಿಗೆ 10 ರೂಪಾಯಿ ಠೇವಣಿಯ ಏರ್ಪಾಡು ಬಂದಿತು. ನಮ್ಮ ಕೊಟ್ಟೂರಿನ ಸಮೀಪದ ಉಜ್ಜಿನಿಯಂತೆಯೇ ಕೇದಾರವೂ ವೀರಶೈವರ ಪಂಚಪೀಠಗಳಲ್ಲಿ ಒಂದಾದುದರಿಂದ ಈ ಕಡೆಯಿಂದಲೂ ಅಲ್ಲಿಗೆ ಯಾತ್ರೆ ಹೋಗುವವರುಂಟು. ಅಲ್ಲಿಯೂ ಬೆಟ್ಟ, ಅಲ್ಲಿಯೂ ಜನಸಂದಣಿ, ಅಲ್ಲಿಯೂ ನೀರಿನ ಬಾಟಲಿ. ಉಚ್ಚಂಗಿಯ ಬೆಟ್ಟದಲ್ಲಿ ನಿಂತಾಗ ನನಗೆ ಆ ಬೆಟ್ಟದ ನೆನಪಾದುದು ಸಹಜವೇ.

ಇನ್ನೂರು ಬಾಟಲಿಗೆ ತಲಾ ಹತ್ತು ರೂಪಾಯಿ ಠೇವಣಿಯಿದ್ದಿದ್ದರೆ ಮುದುಕಿಗೆ ನೂರರ ಬದಲು ಎರಡು ಸಾವಿರ ರೂಪಾಯಿ ಬರುತ್ತಿತ್ತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಸಂತೋಷಪಟ್ಟೆ. ಸಂತೋಷ ಬಹಳ ಹೊತ್ತು ನಿಲ್ಲಲಿಲ್ಲ. ಠೇವಣಿಯಿದ್ದಿದ್ದರೆ ಯಾತ್ರಿಕರು ಬಾಟಲಿಗಳನ್ನು ಬಿಟ್ಟುಹೋಗುತ್ತಲೇ ಇರಲಿಲ್ಲ. ಬೆಟ್ಟ ನಿರ್ಮಲವಾಗಿರುತ್ತಿತ್ತು, ಆಕೆಯ ಚೀಲ ಬರಿದಾಗಿರುತ್ತಿತ್ತು. ಒಂದು ಕೇಡನ್ನು ಸರಿಪಡಿಸುವಾಗ ಅದರಿಂದಲೇ ಹೊಟ್ಟೆ ಹೊರೆಯುತ್ತಿದ್ದವರ ಗತಿಯೇನೆಂದು ಕೇಳದೆ ಹೋದರೆ ನಮ್ಮ ಲೆಕ್ಕ ತಪ್ಪುತ್ತದೆ.

ಬೆಂಗಳೂರಿನಲ್ಲಿ ಈ ಪ್ರಶ್ನೆಯನ್ನು ಕೇಳಿದವರಿದ್ದರು. ಬೀದಿಯಲ್ಲಿ ಆಯುವವರನ್ನು ಕಳ್ಳರೆಂದು ಸಂಶಯಪಡುವುದು, ಗದರಿಸಿ ಓಡಿಸುವುದು ಸಾಮಾನ್ಯವಾಗಿತ್ತು. ಅವರು ಆಯ್ದು ಬೇರ್ಪಡಿಸದಿದ್ದರೆ ನಗರದ ಕಸದ ಗುಡ್ಡಗಳು ಇನ್ನೂ ಎತ್ತರವಾಗುತ್ತಿದ್ದವೆಂಬುದನ್ನು ಯಾರೂ ನೆನೆಯುತ್ತಿರಲಿಲ್ಲ. ಅವರನ್ನು ಒಂದುಗೂಡಿಸಿದ ‘ಹಸಿರು ದಳ’ ಎಂಬ ಸಂಸ್ಥೆಯ ಪ್ರಯತ್ನದಿಂದ 2011ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಆಯುವವರಿಗೆ ವೃತ್ತಿಯ ಗುರುತಿನ ಚೀಟಿಗಳನ್ನು ಕೊಡಲಾರಂಭಿಸಿತು. ಮುಂದೆ ನಗರದ ವಾರ್ಡುಗಳ ಒಣಕಸ ಸಂಗ್ರಹ ಕೇಂದ್ರಗಳಲ್ಲಿ ಹಲವನ್ನು ನಡೆಸುವ ಹೊಣೆಯನ್ನೂ ಅವರಿಗೇ ವಹಿಸಲಾಯಿತು. ನಿನ್ನೆ ಚೀಲ ಹೊತ್ತು ಅಲೆಯುತ್ತಿದ್ದವರು ಇಂದು ತಕ್ಕಡಿಯ ಈಚೆಗೆ ಕುಳಿತು ತೂಕ ಹಾಕತೊಡಗಿದರು. 2016ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಘನತ್ಯಾಜ್ಯ ನಿಯಮಗಳು, ಕಸ ಆಯುವವರನ್ನು ಗುರುತಿಸಿ ಆ ವ್ಯವಸ್ಥೆಯಲ್ಲಿ ಸೇರಿಸಿಕೊಳ್ಳಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ವಿಧಿಸಿದವು.

ಹಳ್ಳಿಗಳಲ್ಲಿಯೂ ಈ ಕೆಲಸ ತಲೆಯೆತ್ತಿದೆ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಸುತ್ತಲ ಹಲವಾರು ಗ್ರಾಮ ಪಂಚಾಯಿತಿಗಳ ಒಣಕಸವನ್ನು ತಂದು ಬೇರ್ಪಡಿಸುವ, ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕವೊಂದಿದೆ. ರಾಜ್ಯದ ಅನೇಕ ಪಂಚಾಯಿತಿಗಳಲ್ಲಿ ಸ್ತ್ರೀಶಕ್ತಿ ಸಂಘಗಳಂತಹ ಗುಂಪುಗಳ ಹೆಣ್ಣುಮಕ್ಕಳೇ ಕಸದ ವಾಹನವನ್ನು ನಡೆಸಿ, ಬೇರ್ಪಡಿಸಿ, ಮಾರಿ ಸಂಪಾದಿಸುತ್ತಿದ್ದಾರೆ. ಕೈಗೆ ಗವಸು, ತಲೆಯ ಮೇಲೆ ಸೂರು, ತಿಂಗಳಿಗೆ ಇಷ್ಟೆಂಬ ವರಮಾನ ಇವು ದೊಡ್ಡ ಮಾತುಗಳಲ್ಲ. ಆದರೆ ಬೆಟ್ಟದ ಮೇಲೆ ಬರಿಗೈಯಲ್ಲಿ ಗಾಜಿನ ನಡುವೆ ತಡಕಾಡುವವರಿಗೆ ಅವು ಇನ್ನೂ ಬಹು ದೂರ.

ಅಂದು ಬಿಸಿಲೇರಿದಾಗ ಮೂವರೂ ಒಂದು ಬಂಡೆಯ ನೆರಳಿನಲ್ಲಿ ಕುಳಿತೆವು. ಹುಡುಗನನ್ನು “ಯಾವ ತರಗತಿ?” ಎಂದು ಕೇಳಿದೆ. ಅವನು ಅಜ್ಜಿಯ ಮುಖ ನೋಡಿದ.

“ಆರನೇತ್ತ ತಮ್ಮಾ. ಜಾತ್ರಿ ಸಲುವಾಗಿ ಎರಡು ದಿನ ಬಿಡಿಸೀನಿ. ನನಗ ಒಬ್ಬಾಕಿಗೆ ಬಗ್ಗಾಕ ಆಗಂಗಿಲ್ಲ” ಎಂದಳು ಅಜ್ಜಿ, ನಾನು ಕೇಳದೆ ಬಿಟ್ಟ ಪ್ರಶ್ನೆಗೂ ಉತ್ತರ ಸೇರಿಸಿ.

ಆರರಿಂದ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಶಿಕ್ಷಣವನ್ನು ಹಕ್ಕಾಗಿ ಮಾಡಿದ ಕಾನೂನು 2009ರಲ್ಲಿಯೇ ಬಂದಿದೆ. ಅದನ್ನು ಆಕೆಗೆ ಹೇಳಬಹುದಾಗಿತ್ತು. ಆದರೆ ಆ ಸೊಂಟವನ್ನು ನೋಡಿದ ಮೇಲೆ ನನ್ನ ಬಾಯಿಗೆ ಮಾತು ಬರಲಿಲ್ಲ. ಎರಡು ದಿನವೆಂದು ಶಾಲೆ ಬಿಟ್ಟ ಎಷ್ಟೋ ಮಕ್ಕಳು ಹಿಂದಿರುಗದಿದ್ದುದನ್ನು ನಾನು ಬಲ್ಲೆ. ಹುಡುಗನಿಗೆ ಬಾಟಲಿಯ ಅಡಿಯ ತ್ರಿಕೋನವನ್ನೂ ಅಂಕಿಯನ್ನೂ ತೋರಿಸಿ ಅದರ ಅರ್ಥವನ್ನು ಹೇಳಿದೆ. ಅವನು ಚೀಲದಿಂದ ಬಾಟಲಿಗಳನ್ನು ಒಂದೊಂದಾಗಿ ತೆಗೆದು ಅಂಕಿಗಳನ್ನು ಓದತೊಡಗಿದ. ಒಂದು ಡಬ್ಬದ ಅಡಿಯಲ್ಲಿ 5 ಇದ್ದುದನ್ನು ಕಂಡು, “ಸರ, ಇದು ಬ್ಯಾರೆ! ಅದಕ್ಕ ಇದರ ಸಪ್ಪಳನೂ ಬ್ಯಾರೆ” ಎಂದು ಅದನ್ನು ಹಿಸುಕಿ ನನಗೆ ಕೇಳಿಸಿದ. ಅವನ ಕಿವಿಗೆ ಮೊದಲೇ ತಿಳಿದಿದ್ದುದನ್ನು ಅವನ ಕಣ್ಣು ಆಗ ಓದಿತು.

ನಾವು ಬೆಟ್ಟವಿಳಿದಾಗ ದಾರಿಯ ಬದಿಯಲ್ಲಿ ಒಬ್ಬ ಸೋಡಾ ಮಾರುವವನು ತನ್ನ ತಳ್ಳುಗಾಡಿಯನ್ನು ಕಟ್ಟಿ ಹೊರಡಲು ಸಿದ್ಧನಾಗುತ್ತಿದ್ದ. ಜಾತ್ರೆಗೆಂದು ಬಂದವನು ಇನ್ನೂ ಸೀಸೆಗಳನ್ನು ಎಣಿಸುತ್ತಲೇ ಇದ್ದ. ಪೆಟ್ಟಿಗೆಯಲ್ಲಿ ಒಂದು ಗೂಡು ಖಾಲಿಯಿತ್ತು. ಹುಡುಗ ಅದನ್ನು ಕಂಡವನೇ ಚೀಲವನ್ನು ಇಳಿಸಿ ಮೇಲಕ್ಕೆ ಓಡಿದ. ಗಾಜನ್ನು ಮುಟ್ಟದೆ ಬಂದಿದ್ದರೂ ಯಾವ ಗಾಜು ಎಲ್ಲಿ ಬಿದ್ದಿದೆಯೆಂಬುದು ಅವನ ನೆನಪಿನಲ್ಲಿತ್ತು. ಸ್ವಲ್ಪ ಹೊತ್ತಿಗೆ ಹಸಿರು ಬಣ್ಣದ ಗೋಲಿಸೀಸೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಇಳಿದು ಬಂದ. ಸೋಡಾದವನು ಅದನ್ನು ಬೆಳಕಿಗೆ ಹಿಡಿದು, ಬಾಯಿ ಒಡೆದಿಲ್ಲವೆಂದು ನೋಡಿ, ಕಿವಿಯ ಬಳಿ ಒಮ್ಮೆ ಅಲುಗಿಸಿದ. ಒಳಗೆ ಗೋಲಿ ಟಣ್ಣೆಂದಿತು. ಜೇಬಿನಿಂದ ಹತ್ತು ರೂಪಾಯಿಯ ನಾಣ್ಯವೊಂದನ್ನು ತೆಗೆದು ಹುಡುಗನ ಕೈಗಿಟ್ಟು, ಸೀಸೆಯನ್ನು ಖಾಲಿ ಗೂಡಿಗೆ ಇಳಿಸಿ, ಹಗ್ಗ ಬಿಗಿದ.